ಬಾಲದ ಮೇಲಿನ ಕೆಂಪು ದೀಪ

ಹದಿನೆಂಟು ವರ್ಷದಿಂದ ಅದೇ ಪಾಠ ಮಾಡುತ್ತಿದ್ದೇನೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ವಿಮಾನದ ಎಡರೆಕ್ಕೆಯ ತುದಿಗೆ ಕೆಂಪು ದೀಪ, ಬಲರೆಕ್ಕೆಯ ತುದಿಗೆ ಹಸಿರು, ಹಿಂದೆ ಬಾಲಕ್ಕೆ ಬಿಳಿ. ಎಡಬಲ ಅಂದರೆ ನೋಡುವವರದಲ್ಲ, ವಿಮಾನದ್ದು. ದೇವಸ್ಥಾನದಲ್ಲಿ ಹೂವು ಬಲಗಡೆ ಬಿತ್ತು ಅಂದರೆ ದೇವರ ಬಲಗಡೆ ಅಂತ ಹೇಗೋ ಹಾಗೆ. ಕತ್ತಲಲ್ಲಿ ಬಿಳಿ ಒಂದೇ ಕಂಡರೆ ಅದು ನಿಮ್ಮಿಂದ ದೂರ ಹೋಗುತ್ತಿದೆ. ಕೆಂಪು, ಹಸಿರು ಎರಡೂ ಒಟ್ಟಿಗೆ ಕಂಡರೆ ನೇರ ನಿಮ್ಮ ಕಡೆಗೇ ಬರುತ್ತಿದೆ. ಇವಲ್ಲದೆ ಬಾಲದ ನೆತ್ತಿಯ ಮೇಲೆ ಇನ್ನೊಂದು ಕೆಂಪು ದೀಪವಿದೆ, ಬೀಕನ್ ಅಂತ. ಅದು ಮಿಣುಕುತ್ತದೆ. ಎಂಜಿನ್ ಶುರು ಮಾಡುವ ಮುಂಚೆ ಅದನ್ನು ಹಾಕಬೇಕು, ಎಂಜಿನ್ ಪೂರ್ತಿ ನಿಂತ ಮೇಲೆಯೇ ಆರಿಸಬೇಕು. ಅದು ಹೇಳುವುದು ಒಂದೇ ಮಾತು, ಹತ್ತಿರ ಬರಬೇಡ ಅಂತ.

ನನ್ನ ಹೆಸರು ಲೋಕೇಶ್. ಎಲೆಕ್ಟ್ರಾನಿಕ್ ಸಿಟಿಗೂ ಹೆಬ್ಬಗೋಡಿಗೂ ನಡುವೆ, ಹೊಸೂರು ರಸ್ತೆಯಿಂದ ಒಳಗೆ, ವಿಮಾನ ರಿಪೇರಿ ಕಲಿಸುವ ಒಂದು ಸಂಸ್ಥೆಯಲ್ಲಿ ನಾನು ಇನ್‌ಸ್ಟ್ರಕ್ಟರ್. ಸಿಟ್ಟು ಬಂದರೆ ಮುಖ ಕೆಂಪಾಗುತ್ತದಂತೆ, ಹುಡುಗರು ಬೆನ್ನ ಹಿಂದೆ ನನ್ನನ್ನು ‘ಬೀಕನ್’ ಅನ್ನುತ್ತಾರೆ. ಅನ್ನಲಿ. ನಮ್ಮ ಅಂಗಳದಲ್ಲಿ ತಗಡಿನ ಶೆಡ್ಡಿನ ಕೆಳಗೆ ಒಂದು ಹಳೆಯ ಪುಟ್ಟ ವಿಮಾನವಿದೆ. ಮೂಗಿಗೆ ಒಂದೇ ಪ್ರೊಪೆಲ್ಲರ್. ಹಾರುವುದನ್ನು ಬಿಟ್ಟು ಇಪ್ಪತ್ತು ವರ್ಷವಾಗಿದೆ, ಆದರೆ ಎಂಜಿನ್ ತಿರುಗುತ್ತಿತ್ತು, ದೀಪಗಳು ಉರಿಯುತ್ತಿದ್ದವು. ಕಲಿಯುವವರಿಗೆ ಅಷ್ಟು ಸಾಕು.

ನೀಲಪ್ಪನನ್ನು ಅಲ್ಲಿ ಹೆಲ್ಪರ್ ಆಗಿ ಸೇರಿಸಿದವನು ನಾನೇ. ಹೆಬ್ಬಗೋಡಿಯಲ್ಲಿ ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಮ್ಮ ಮನೆಯೂ ಹನ್ನೆರಡು ಬಾಡಿಗೆ ರೂಮುಗಳೂ ಇವೆ. ತಾರಸಿಯ ಮೇಲಿನ ಒಂಟಿ ರೂಮಿನಲ್ಲಿ ನೀಲಪ್ಪನೂ ಅವನ ಹೆಂಡತಿ ಮಲಕವ್ವನೂ ಇದ್ದರು, ವಿಜಯಪುರದ ಇಂಡಿ ಕಡೆಯವರು. ಅವಳು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು, ಅವನು ಗಾರೆ ಕೆಲಸಕ್ಕೆ. ಬಿಸಿಲಲ್ಲಿ ಒಣಗಿ ಸುಸ್ತಾಗಿ ಬರುವ ಮನುಷ್ಯನನ್ನು ನೋಡಿ ಒಂದು ದಿನ, “ಬಾರಯ್ಯ, ನೆರಳಲ್ಲಿ ಕೆಲಸ ಕೊಡಿಸ್ತೀನಿ,” ಅಂತ ಕರೆದುಕೊಂಡು ಹೋದೆ.

ಮೊದಲ ದಿನವೇ ಅವನನ್ನು ವಿಮಾನದ ಮುಂದೆ ನಿಲ್ಲಿಸಿ ಹೇಳಿದೆ. “ನೋಡು, ಬಾಲದ ಮೇಲೆ ಕೆಂಪು ಮಿಣುಕ್ತಾ ಇದ್ರೆ ಮುಂದಕ್ಕೆ ಹೋಗ್ಬೇಡ. ಯಾರು ಕರೆದ್ರೂ ಹೋಗ್ಬೇಡ. ನಾನೇ ಕರೆದ್ರೂ ಹೋಗ್ಬೇಡ. ಮಿಣುಕ್ತಾ ಇಲ್ಲ ಅಂದ್ರೆ ಹೋಗು. ತಿಳೀತಾ?”

“ತಿಳೀತ್ರಿ ಸರ. ಕೆಂಪ ಇದ್ರ ನಿಲ್ಲೂದು, ಇಲ್ಲಂದ್ರ ಹೋಗೂದು.”

ನಾಲ್ಕು ವರ್ಷ ಅವನು ಅದನ್ನು ಒಂದು ಸಲವೂ ತಪ್ಪಲಿಲ್ಲ. ಒಮ್ಮೆ ಬ್ಯಾಟರಿ ಪರೀಕ್ಷೆಗೆ ಅಂತ ನಾನು ಬೀಕನ್ ಹಾಕಿ, ಆರಿಸುವುದನ್ನು ಮರೆತು ಊಟಕ್ಕೆ ಹೋಗಿಬಿಟ್ಟಿದ್ದೆ. ವಾಪಸ್ಸು ಬಂದರೆ ನೀಲಪ್ಪ ಪೊರಕೆ ಹಿಡಿದು ನಿಂತಿದ್ದಾನೆ. ಎಂಜಿನ್ ಸದ್ದಿಲ್ಲ, ಒಳಗೆ ಯಾರೂ ಇಲ್ಲ, ಒಂದು ಗಂಟೆಯಿಂದ ಹಾಗೇ ನಿಂತಿದ್ದಾನೆ. “ಗುಡಿಸೋದಲ್ವೇನೋ ಮಾರಾಯ?” ಅಂತ ರೇಗಿದೆ. “ಕೆಂಪ ಐತಲ್ರಿ ಸರ,” ಅಂದ. ಆಫೀಸಿನವರೆಲ್ಲ ಒಂದು ವಾರ ನಕ್ಕರು.

ಹೋದ ವರ್ಷ ಆಯುಧ ಪೂಜೆಗೆ ಅವನು ಊರಿಗೆ ಹೊರಟಿದ್ದ. ಬನ್ನಿ ಹಬ್ಬಕ್ಕೆ ಬರುತ್ತೇವೆ ಅಂತ ತಾಯಿಗೆ ಹೇಳಿಯೂ ಆಗಿತ್ತು. ನಾನೇ ತಡೆದೆ. “ನೀನಿಲ್ದೆ ಪೂಜೆ ಕೆಲಸ ಯಾರಯ್ಯ ಮಾಡ್ತಾರೆ? ಮಾರನೇ ದಿನ ಹೋಗು,” ಅಂದೆ. ಅವನು ಹೂಂ ಅಂದ. ಮನೆಯಲ್ಲಿ ಮಲಕವ್ವ ಹೂಂ ಅನ್ನಲಿಲ್ಲ. ಹಬ್ಬದ ಬೆಳಗ್ಗೆ ತಾರಸಿಯ ಮೇಲೆ ಅವರ ಜಗಳ ಕೆಳಗಿನ ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು.

ಮಧ್ಯಾಹ್ನ ವಿಮಾನಕ್ಕೆ ಅಲಂಕಾರ. ಚೆಂಡುಹೂವಿನ ದಪ್ಪ ಹಾರವನ್ನು ಬಾಲಕ್ಕೆ ಹಾಕುವುದಕ್ಕೆ ನಾನು ಏಣಿ ಹತ್ತಿದೆ. ಬಾಲ ನುಣ್ಣಗಿತ್ತು, ಹಾರ ಹಾಕಿದಷ್ಟೂ ಜಾರುತ್ತಿತ್ತು. ಮೂರನೇ ಸಲ ಜಾರಿದಾಗ ನನಗೆ ತಲೆ ಕೆಟ್ಟಿತು. ಅಲ್ಲಿ ಮೇಲಕ್ಕೆ ಎದ್ದು ನಿಂತಿದ್ದುದು ಬೀಕನ್ ಒಂದೇ. ಅದಕ್ಕೇ ಎರಡು ಸುತ್ತು ಬಿಗಿಯಾಗಿ ಸುತ್ತಿ ಮೇಲೊಂದು ಗಂಟು ಹಾಕಿದೆ. ಕೆಳಗಿಳಿದು ನೋಡಿದರೆ ಮದುಮಗನ ಪೇಟದ ಹಾಗೆ ಕಾಣುತ್ತಿತ್ತು, ಸಕ್ಕತ್ತಾಗಿದೆ ಅಂದುಕೊಂಡೆ. ಹದಿನೆಂಟು ವರ್ಷ ಆ ದೀಪದ ಪಾಠ ಮಾಡಿದವನಿಗೆ ಆ ಹೊತ್ತಿನಲ್ಲಿ ಅದು ಹಾರ ಸಿಕ್ಕಿಸುವ ಗೂಟವಾಗಿತ್ತು.

ಸಂಜೆ ಆರೂವರೆಗೆ ಪೂಜೆ. ಬೂದುಗುಂಬಳ ಒಡೆದರು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಕೊನೆಗೆ ಶಾಸ್ತ್ರಕ್ಕೆ ಒಂದು ಸಲ ಎಂಜಿನ್ ತಿರುಗಿಸುವುದು ನಮ್ಮ ಪದ್ಧತಿ. ವರ್ಕ್‌ಶಾಪಿನ ಮುಖ್ಯಸ್ಥ ಹನುಮಂತರಾಯಪ್ಪನವರು ಒಳಗೆ ಕೂತರು. ನಿಯಮದ ಪ್ರಕಾರ ಬೀಕನ್ ಸ್ವಿಚ್ ಹಾಕಿದರು, ಕಿಟಕಿ ತೆಗೆದು ‘ಕ್ಲಿಯರ್’, ಅಂದರೆ ದೂರ ಸರಿಯಿರಿ, ಅಂತ ಕೂಗಿದರು. ತಮಟೆಯ ಸದ್ದಿಗೆ ಅದು ಯಾರಿಗೂ ಕೇಳಿಸಲಿಲ್ಲ. ಮುಂದಿನ ಚಕ್ರದ ನಿಂಬೆಹಣ್ಣು ಉರುಳಿಹೋಗಿತ್ತು. ನೀಲಪ್ಪ ಇನ್ನೊಂದು ತಂದ. ನಾನು ಕರ್ಪೂರದ ತಟ್ಟೆ ಹಿಡಿದು ಆಚೆ ಬದಿಗಿದ್ದೆ, ಅವನು ಬರುವುದು ನನಗೆ ಕಾಣುತ್ತಿತ್ತು. ಬಂದ, ನಿಂತ, ಕತ್ತೆತ್ತಿ ಬಾಲದ ಕಡೆ ನೋಡಿದ. ನೋಡಿಯೇ ಹೋಗುತ್ತಿದ್ದಾನಲ್ಲ ಅಂತ ನನಗೂ ಏನೂ ಅನ್ನಿಸಲಿಲ್ಲ. ಬಗ್ಗಿ ಮೂಗಿನ ಕೆಳಗೆ ಹೋದ. ಪ್ರೊಪೆಲ್ಲರ್ ತಿರುಗಿತು.

ಎಲ್ಲರೂ ಮುಂದಕ್ಕೆ ಓಡಿದರು. ನಾನು ಹಿಂದಕ್ಕೆ ಓಡಿದೆ. ಇದನ್ನು ಹನ್ನೊಂದು ತಿಂಗಳು ಯಾರಿಗೂ ಹೇಳಿರಲಿಲ್ಲ. ಬಾಲದ ಮೇಲೆ ಹೂವಿನ ಸಂದಿಯಲ್ಲಿ ಏನೋ ಕೆಂಪಗಾಗಿ ಆರುತ್ತಿತ್ತು, ಮತ್ತೆ ಕೆಂಪಗಾಗುತ್ತಿತ್ತು. ಏಣಿ ಹತ್ತಿ ಹಾರವನ್ನು ಕಿತ್ತು, ಒಡೆದ ಬೂದುಗುಂಬಳ ತುಂಬಿದ್ದ ಗೋಣಿಚೀಲದೊಳಗೆ ತುರುಕಿದೆ. ಸಾವಾದ ಜಾಗದಲ್ಲಿ ಹೂವು ಇರಬಾರದು ಅಂತ ನನಗೆ ನಾನೇ ಹೇಳಿಕೊಂಡೆ. ಎಂಥ ಸುಳ್ಳು! ಗಡಿಬಿಡಿಯಲ್ಲಿ ಬ್ಯಾಟರಿ ಆರಿಸುವುದು ಯಾರಿಗೂ ನೆನಪಾಗಿರಲಿಲ್ಲ. ಪೊಲೀಸರು ಬರುವ ಹೊತ್ತಿಗೆ ಬೀಕನ್ ಶೆಡ್ಡಿನ ತುಂಬ ಕೆಂಪು ಚೆಲ್ಲುತ್ತ ಮಿಣುಕುತ್ತಿತ್ತು. “ಇಷ್ಟು ಚೆನ್ನಾಗಿ ಮಿಣುಕ್ತಾ ಇದೆಯಲ್ರೀ, ಕಣ್ಣು ಕಾಣ್ಲಿಲ್ವಾ ಅವನಿಗೆ?” ಅಂದರು ಒಬ್ಬರು. ನಾನು ಬಾಯಿ ಬಿಡಲಿಲ್ಲ. ಜನ ತೆಗೆದ ಫೋಟೋಗಳಲ್ಲೆಲ್ಲ ವಿಮಾನದ ಮೂಗೇ ಇತ್ತು, ಬಾಲ ಯಾರಿಗೆ ಬೇಕು? ಮೃತನ ಅಜಾಗರೂಕತೆ ಅಂತ ಬರೆದರು. ಹನುಮಂತರಾಯಪ್ಪನವರು ಕೆಲಸ ಬಿಟ್ಟು ಮನೆ ಸೇರಿದರು.

ಅದಾದ ಮೇಲೆ ಪ್ರೊಪೆಲ್ಲರ್ ಬಿಚ್ಚಿ ಒಳಗಿಟ್ಟರು. ದೀಪದ ಪಾಠ ಮಾತ್ರ ನಿಲ್ಲಲಿಲ್ಲ. ಜನವರಿಯಲ್ಲಿ ಹೊಸ ಬ್ಯಾಚಿಗೆ ತೋರಿಸಲು ಶೆಡ್ಡಿನ ಪರದೆ ಇಳಿಸಿ ಕತ್ತಲು ಮಾಡಿ ಬೀಕನ್ ಹಾಕಿದೆ. ಕೆಂಪು ಬಂತು, ಆರಿತು. ಆರಿದ ಆ ಒಂದು ಗಳಿಗೆಯಲ್ಲಿ ಮುಂದಿನ ಚಕ್ರದ ಹತ್ತಿರ ಯಾರೋ ಬಗ್ಗಿದ್ದರು. ಮತ್ತೆ ಕೆಂಪು ಬಂದಾಗ ಅಲ್ಲಿ ಬರೀ ನೆಲ. ಮತ್ತೆ ಆರಿತು, ಮತ್ತೆ ಬಗ್ಗಿದ ಬೆನ್ನು, ತೋಳು ಮಡಿಸಿದ ನೀಲಿ ಅಂಗಿ. ಆಮೇಲೆ ಪ್ರತಿ ಸಲವೂ ಹಾಗೇ. ದೆವ್ವ ಬೆಳಕಿಗೆ ಹೆದರುತ್ತದೆ ಅನ್ನುತ್ತಾರಲ್ಲ, ಇದು ಅದಲ್ಲ. ಕೆಂಪು ಇದ್ದರೆ ನೀಲಪ್ಪ ಅಲ್ಲಿಗೆ ಹೋಗುವವನೇ ಅಲ್ಲ. ಸತ್ತ ಮೇಲೂ ಅವನು ನಾನು ಹೇಳಿಕೊಟ್ಟದ್ದನ್ನು ತಪ್ಪದೆ ಪಾಲಿಸುತ್ತಿದ್ದ.

ಮನೆಗೆ ಚೆಂಡುಹೂ ತರಬೇಡ ಅಂತ ಹೆಂಡತಿ ದೀಪಶ್ರೀಯ ಮೇಲೆ ಕೂಗಾಡಿದೆ. ಅವಳು ಒಂದು ದಿನ ನನ್ನನ್ನು ಕೂರಿಸಿಕೊಂಡು ಬೇರೆಯದೇ ಮಾತು ಎತ್ತಿದಳು. “ರೀ, ಮಲಕವ್ವ ಸಂಜೆ ಹೊತ್ತು ತಾರಸಿ ಅಂಚಲ್ಲಿ ನಿಂತ್ಕೋತಾಳೆ. ಕೈಪಿಡಿ ಗೋಡೆ ಇಲ್ದಿರೋ ಕಡೆಗೇ. ನಂಗ್ಯಾಕೋ ಭಯ ಆಗುತ್ತೆ. ನೀವೊಂದ್ಸಲ ಮಾತಾಡಿಸಿ.”

ಮಲಕವ್ವ ಊರಲ್ಲಿ ಕಾರ್ಯ ಮುಗಿಸಿ ಹದಿನೈದೇ ದಿನಕ್ಕೆ ವಾಪಸ್ಸು ಬಂದಿದ್ದಳು. ಅತ್ತೆ ಇಟ್ಟುಕೊಂಡಿರಲಿಲ್ಲ. ಹಬ್ಬದ ಬೆಳಗಿನ ಜಗಳವನ್ನು ಇವಳೇ ಅಳುತ್ತ ಹೇಳಿಕೊಂಡಿದ್ದಳಂತೆ. ಆ ಮುದುಕಿ, “ನಿನ್ನ ನಾಲಿಗಿಗೇ ನನ್ನ ಮಗ ಹೋದ,” ಅಂದು ಬಾಗಿಲು ಹಾಕಿಕೊಂಡಿದ್ದಳು. ಅಂದಿನಿಂದ ಫೋನ್ ಮಾಡಿದರೆ ಇವಳ ದನಿ ಕೇಳಿದ ಕೂಡಲೇ ಇಡುತ್ತಿದ್ದಳು.

ಅವತ್ತು ಸಂಜೆ ಮೇಲೆ ಹೋದೆ. ಮಲಕವ್ವ ಅಂಚಿನಲ್ಲಿ ನಿಂತು ಆಕಾಶ ನೋಡುತ್ತಿದ್ದಳು. “ಈಚೆ ಬಾಮ್ಮ, ಕೂತ್ಕೋ,” ಅಂದೆ. ಬಂದು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತಳು. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳ ಮೇಲಿಂದ ಒಂದು ವಿಮಾನ ಹೋಗುತ್ತಿತ್ತು.

“ಅಣ್ಣಾರ, ಅದರ ದೀಪ ಯಾಕ ಬ್ಯಾರೆ ಬ್ಯಾರೆ ಬಣ್ಣದ್ದ ಅದಾವ್ರಿ?”

ಹೇಳಿದೆ. ಬೇರೆ ಏನು ಮಾತಾಡಬೇಕೋ ತಿಳಿಯದೆ ಪಾಠ ಹೇಳಿದೆ. ಮಾರನೆಯ ದಿನವೂ ಕೇಳಿದಳು, ಅದರ ಮಾರನೆಯ ದಿನವೂ. ಅಂಚಿಗೆ ಹೋಗುವ ಬದಲು ಕಟ್ಟೆಯ ಮೇಲೆ ಕೂರುತ್ತಾಳಲ್ಲ ಅಂತ ನಾನೂ ದಿನಾ ಹತ್ತುತ್ತಿದ್ದೆ. ತಿಂಗಳೊಳಗೆ ನಮ್ಮ ಹುಡುಗರಿಗಿಂತ ಚೆನ್ನಾಗಿ ಕಲಿತುಬಿಟ್ಟಳು. “ಬಿಳೀದ ಒಂದ ಕಾಣತೈತಿ, ಹೊಂಟ್ಹೋತು,” ಅನ್ನುತ್ತಿದ್ದಳು. ಎರಡು ಬಣ್ಣ ಒಟ್ಟಿಗೆ ಕಂಡರೆ, “ಇದು ನಮ್ಮ ಕಡೀಗೆ ಬರಾಕತ್ತೈತಿ,” ಅಂತ ಸೆರಗು ಎಳೆದುಕೊಳ್ಳುತ್ತಿದ್ದಳು. ಬೀಕನ್ ವಿಷಯ ಮಾತ್ರ ನಾನು ನುಂಗಿಕೊಂಡಿದ್ದೆ.

ಸೆಪ್ಟೆಂಬರಿನಲ್ಲಿ ಒಂದು ಸಂಜೆ ಅವಳೇ ಕೇಳಿದಳು. “ಆ ಮಿಣಕೂದು ಕೆಂಪದು ಯಾಕ್ರಿ?”

“ಎಂಜಿನ್ ಓಡ್ತಾ ಇದೆ ಅಂತ. ಹತ್ತಿರ ಬರಬೇಡಿ ಅಂತ,” ಅಂದೆ.

“ಇದ ಹೇಳ್ತಿದ್ರು ನಮ್ಮನಿಯವ್ರು. ಕೆಂಪ ಇದ್ರ ನಿಲ್ಲೂದು ಅಂತ. ಮನಿಯಾಗ ಒಲಿ ಹಚ್ಚಿದ್ರೂ ಅದನ್ನ ಹೇಳಿ ನಗಸ್ತಿದ್ರು.” ಸೆರಗನ್ನು ಮಂಡಿಯ ಮೇಲೆ ಎಳೆದುಕೊಂಡಳು. “ಅವತ್ತ ದೀಪ ಹತ್ತಿತ್ತಂತಲ್ರಿ. ಪೊಲೀಸ್ರು ಹೇಳಿದ್ರು.”

“ಹತ್ತಿತ್ತು.”

“ಹಂಗಾರ ನೋಡಿರಬೇಕಲ್ರಿ. ನೋಡೇ ಹೋಗ್ಯಾರ.” ಅವಳ ದನಿಯಲ್ಲಿ ಅಳು ಇರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. “ಬೆಳಿಗ್ಗೆ ನಾ ಅಂದಿದ್ದೆ, ಆ ಇಮಾನದ ಕೂಡನ ಸಂಸಾರ ಮಾಡು, ಮನಿಗಿ ತಿರುಗಿ ಬರಬ್ಯಾಡ ಅಂತ. ಚಪ್ಪಲ್ ಮೆಟ್ಟಿಕೊಂಡ್ರು. ದಿನಾ ‘ಬರ್ತೀನಿ’ ಅಂತಿದ್ರು. ಅವತ್ತ ‘ಹೊಕ್ಕೀನಿ’ ಅಂದ್ರು. ಬರ್ತೀನಿ ಅನ್ನಲಿಲ್ರಿ ಅಣ್ಣಾರ.”

ನಮ್ಮಲ್ಲಿ ಹೊಸ್ತಿಲು ದಾಟುವವರು ‘ಹೋಗ್ತೀನಿ’ ಅನ್ನುವುದಿಲ್ಲ, ಎಷ್ಟೇ ಅವಸರವಿದ್ದರೂ ‘ಬರ್ತೀನಿ’ ಅಂತಲೇ ಹೊರಡುವುದು. ಸಿಟ್ಟಿನಲ್ಲಿ ಜಾರಿದ ಆ ಒಂದು ಮಾತನ್ನು ಹಿಡಿದುಕೊಂಡು ಇವಳು ಹನ್ನೊಂದು ತಿಂಗಳಿಂದ ಗಂಡನ ಸಾವನ್ನು ತನ್ನ ತಲೆಯ ಮೇಲೆ ಹೊತ್ತಿದ್ದಳು. ಅದನ್ನು ಇಳಿಸಲು ನನ್ನದೊಂದು ವಾಕ್ಯ ಸಾಕಿತ್ತು. ನಾಲಿಗೆ ಹೊರಳಲಿಲ್ಲ. ಕೆಲಸ ಹೋಗುತ್ತದೆ, ಕೇಸ್ ಆಗುತ್ತದೆ, ಊರಲ್ಲಿ ಮುಖ ಎತ್ತುವ ಹಾಗಿಲ್ಲ ಅಂತ ಒಳಗೆ ಲೆಕ್ಕ ನಡೆಯುತ್ತಿತ್ತು. ಹೇಡಿ ನಾನು, ಬೇರೆ ಮಾತಿಲ್ಲ.

“ಆ ಜಾಗ ನನಗ ತೋರಸ್ರಿ,” ಅಂದಳು. “ಅವರು ನಿಂತಲ್ಲಿ ನಿಂತು ಆ ದೀಪ ನಾ ಒಮ್ಮಿ ನೋಡಬೇಕು. ಕಾಣತೈತೋ ಇಲ್ಲೋ ಅಂತ. ಕಂಡ್ರ ನಾ ಇನ್ನ ಬದುಕಿ ಏನ ಮಾಡೂದೈತ್ರಿ?”

ಬೇಡ ಅನ್ನಲು ಧೈರ್ಯವಾಗಲಿಲ್ಲ. ಮಾರನೆಯ ದಿನ ಹುಡುಗರು ಹಾಸ್ಟೆಲ್ಲಿಗೆ ಹೋದ ಮೇಲೆ, ದೀಪ ಹಚ್ಚುವ ಹೊತ್ತಿಗೆ, ವಾಚ್‌ಮನ್‌ಗೆ ಹೇಳಿ ಅವಳನ್ನು ಒಳಗೆ ಕರೆದುಕೊಂಡು ಬಂದೆ. ಶೆಡ್ಡಿನಲ್ಲಿ ಅವಳು ವಿಮಾನವನ್ನು ಸುಮ್ಮನೆ ನೋಡಿದಳು. “ಇಷ್ಟ ಸಣ್ಣದೈತ್ರಿ?” ಅಂದಳು. ಆಮೇಲೆ ತಾನೇ ಹೋಗಿ ಮೂಗಿನ ಹತ್ತಿರ ನಿಂತಳು. ಯಾರು ಹೇಳಿದರೋ, ಸರಿಯಾಗಿ ಅದೇ ಜಾಗದಲ್ಲಿ ನಿಂತಳು.

ನಾನು ಒಳಗೆ ಕೈ ಹಾಕಿ ಬ್ಯಾಟರಿ ಸ್ವಿಚ್ ಹಾಕಿದೆ, ಬೀಕನ್ ಸ್ವಿಚ್ ಹಾಕಿದೆ. ಕೆಂಪು ಅವಳ ಮುಖದ ಮೇಲೆ ಬಿತ್ತು. ಆರಿದಾಗ ನಾನು ಚಕ್ರದ ಕಡೆ ನೋಡಲಿಲ್ಲ, ಬೇಕೆಂತಲೇ ಗೋಡೆ ನೋಡಿದೆ. ಮತ್ತೆ ಕೆಂಪು. ತಗಡಿನ ಮೇಲೆ, ಏಣಿಯ ಮೇಲೆ, ಅವಳ ಬಿಳಿ ಸೆರಗಿನ ಮೇಲೆ.

“ಅಯ್ಯ ಶಿವನ! ಇಷ್ಟ ಕೆಂಪ!” ಅಂದಳು. “ಕುರುಡಗೂ ಕಾಣತೈತ್ರಿ ಇದು. ನೋಡೇ ಹೋಗ್ಯಾರ ನೋಡ್ರಿ. ನನ್ನ ಮಾತಿಗೇ ಹೋಗ್ಯಾರ.”

ಅಳಲಿಲ್ಲ. ಒಂದು ಕೆಲಸ ಮುಗಿದ ಹಾಗೆ ತಲೆಯಾಡಿಸಿದಳು, ಹೊರಡಲು ತಿರುಗಿದಳು. ಅವಳು ಎಲ್ಲಿಗೆ ಹೋಗುತ್ತಾಳೆ ಅನ್ನುವುದು ನನಗೆ ಗೊತ್ತಾಯಿತು. ಹೆಬ್ಬಗೋಡಿಗೆ, ತಾರಸಿಗೆ, ಗೋಡೆಯಿಲ್ಲದ ಆ ಅಂಚಿಗೆ.

“ನಿಂತ್ಕೊಳಮ್ಮ!” ಅಂತ ಅರಚಿದೆ. ಏಣಿ ಎಳೆದು ಬಾಲಕ್ಕೆ ಆನಿಸಿ ಹತ್ತಿದೆ. ಎರಡೂ ಅಂಗೈಗಳಿಂದ ದೀಪವನ್ನು ಬಿಗಿಯಾಗಿ ಮುಚ್ಚಿದೆ. ಗಾಜು ಬಿಸಿಯಾಗಿತ್ತು, ಬೆರಳ ಸಂದಿಯಲ್ಲಿ ರಕ್ತದ ಬಣ್ಣ ಕಾಣುತ್ತಿತ್ತು, ಅಷ್ಟೇ. ಶೆಡ್ಡು ಪೂರ್ತಿ ಕತ್ತಲಾಯಿತು. “ಈಗ ಮೇಲೆ ನೋಡು. ಕೆಂಪು ಕಾಣುತ್ತಾ?”

“ಇಲ್ರಿ. ನೀವ ಕೈ ಮುಚ್ಚೀರಲ್ಲ.”

ಆಗ ನಾನು ಮುಂದಕ್ಕೆ ನೋಡಿದೆ, ನೋಡದೆ ಇರಲಾಗಲಿಲ್ಲ. ಅವಳ ಪಕ್ಕದಲ್ಲಿ ಅವನಿದ್ದ. ಮಿಣುಕುವ ಕೆಂಪು ಇರಲಿಲ್ಲವಾದ್ದರಿಂದ ಮಾಯವಾಗುವ ಅವಸರವೂ ಅವನಿಗಿರಲಿಲ್ಲ. ಕತ್ತೆತ್ತಿ ಬಾಲದ ಕಡೆ ನೋಡಿದ, ನನ್ನ ಕೈಗಳನ್ನೇ ನೋಡಿದ. ನಂಬಿಕೆಯಿಂದ ತಲೆ ತಗ್ಗಿಸಿ ಚಕ್ರದ ಕಡೆ ಬಗ್ಗಿದ.

“ಅವತ್ತೂ ಹಿಂಗೇ ಮುಚ್ಚಿತ್ತು ಕಣಮ್ಮ,” ಅಂದೆ. “ದೀಪ ಹತ್ತಿತ್ತು, ಆದ್ರೆ ಅವನಿಗೆ ಕಾಣ್ತಿರ್ಲಿಲ್ಲ. ಅದ್ರ ಮೇಲೆ ಹೂವಿನ ಹಾರ ಸುತ್ತಿತ್ತು. ಸುತ್ತಿದ್ದು ನಾನು. ಅವನು ಬಂದು ನಿಂತು ಮೇಲೆ ನೋಡಿದ, ಕೆಂಪಿಲ್ಲ ಅಂತ ನೋಡ್ಕೊಂಡೇ ಹೋದ. ಆಮೇಲೆ ಹಾರ ಕಿತ್ತು ಬಚ್ಚಿಟ್ಟಿದ್ದೂ ನಾನೇ. ಅವನು ನಿನ್ನ ಮಾತಿಗೆ ಸಾಯ್ಲಿಲ್ಲ. ನಿಂಬೆಹಣ್ಣು ಇಡೋಕೆ ಹೋಗಿ ಸತ್ತ.”

ಕತ್ತಲಲ್ಲಿ ಅವಳು ಧಪ್ಪನೆ ನೆಲಕ್ಕೆ ಕೂತಳು. ಹನ್ನೊಂದು ತಿಂಗಳಲ್ಲಿ ನಾನು ಕೇಳದಿದ್ದ ಅಳು ಅವಳ ಹೊಟ್ಟೆಯಿಂದ ಹೊರಗೆ ಬಂತು. “ನನ್ನ ಮಾತಿಗಿ ಹೋಗಿಲ್ಲಲ್ರಿ... ಸಂಜೀಕ ಮನಿಗಿ ಬರಾವ್ರ ಇದ್ರಲ್ರಿ...” ಅದು ದುಃಖವೋ ಸಮಾಧಾನವೋ ನನಗೆ ತಿಳಿಯಲಿಲ್ಲ, ಎರಡೂ ಇತ್ತು. ನಾನು ದೀಪದಿಂದ ಕೈ ತೆಗೆದೆ. ಕೆಂಪು ಬೆಳಕಿನಲ್ಲಿ ಅವಳು ಒಬ್ಬಳೇ ಕೂತಿದ್ದಳು.

ಎಷ್ಟೋ ಹೊತ್ತಿನ ಮೇಲೆ ಮುಖ ಒರೆಸಿಕೊಂಡು ಎದ್ದಳು. ನನ್ನ ಕಡೆ ನೋಡಿದ ನೋಟವನ್ನು ನಾನು ಬದುಕಿರುವ ತನಕ ಮರೆಯುವುದಿಲ್ಲ. “ದಿನಾ ಸಂಜೀಕ ನನ್ನ ಮುಂದ ಕುಂತು ದೀಪದ ಸುದ್ದಿ ಹೇಳಿದ್ರಿ,” ಅಂದಳು. “ಇದೊಂದ ಹೇಳಾಕ ನಿಮಗ ಬಾಯಿ ಬರಲಿಲ್ಲಲ್ರಿ?”

ಏಣಿಯ ಮೇಲೆಯೇ ನಿಂತಿದ್ದೆ. ನನ್ನನ್ನು ಶಪಿಸಲಿ, ಉಗಿಯಲಿ, ಪೊಲೀಸಿಗೆ ಹೋಗಲಿ ಅಂತ ಕಾದೆ. ಅವಳು ರವಿಕೆಯೊಳಗಿಂದ ಫೋನ್ ತೆಗೆದು ಒತ್ತಿದಳು, ಸ್ಪೀಕರ್ ಹಾಕಿದಳು, ಏಣಿಯ ಕೆಳಗೆ ಬಂದು ನನ್ನತ್ತ ಎತ್ತಿ ಹಿಡಿದಳು.

“ನಮ್ಮ ಅತ್ತೀಗಿ ಹೇಳ್ರಿ. ನನ್ನ ದನಿ ಕೇಳಿದ್ರ ಇಡತಾಳ. ನೀವ ಹೇಳ್ರಿ.”

ಅತ್ತ ಕಡೆ ರಿಂಗಾಗಿ ಯಾರೋ ಎತ್ತಿದರು. “ಯಾರ್ರೀ?” ಮುದುಕಿಯ ದನಿ.

“ಅಮ್ಮಾ, ನಾನು ಲೋಕೇಶ್. ನಿಮ್ಮ ಮಗನ ಜೊತೆ ಕೆಲಸ ಮಾಡ್ತಿದ್ದೆ. ಅವನು ಹೋಗಿದ್ದು ಸೊಸೆ ಮಾತಿಂದ ಅಲ್ಲ. ದೀಪ ಮುಚ್ಚಿದ್ದು ನಾನು.”

“ಏನಂತೀಯೋ ಯಪ್ಪಾ? ಕೇಳವಲ್ದು.”

“ಕಿವಿ ಮಂದ್ರಿ ಆಕೀಗಿ,” ಅಂದಳು ಮಲಕವ್ವ, ಫೋನ್ ಇಳಿಸದೆ. “ಒದರಿ ಹೇಳ್ರಿ.”

ಒದರಿದೆ. ತಗಡಿನ ಶೆಡ್ಡು ನನ್ನ ಮಾತನ್ನು ನನಗೇ ತಿರುಗಿಸಿ ಹೇಳಿತು. ಗೇಟಿನ ಹತ್ತಿರ ವಾಚ್‌ಮನ್ ಎದ್ದು ನಿಂತ. ಹಾಸ್ಟೆಲ್ಲಿನ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು, ಹುಡುಗರು ತಲೆ ಹೊರಗೆ ಹಾಕಿದರು.

“ದೀಪಾ ಮುಚ್ಚಿದ್ರಂತ ಅಂದಿ, ಅದು ಕೇಳಿತು,” ಅಂದಳು ಮುದುಕಿ. “ಯಾರ ಮುಚ್ಚಿದ್ರು? ಹೆಸರ ಕೇಳಲಿಲ್ಲ. ಹೆಸರ ಹೇಳು.”

ನಾನು ಉಸಿರು ತುಂಬಿಕೊಂಡು ನನ್ನ ಹೆಸರನ್ನು ಕೂಗಿ ಹೇಳಿದೆ.